ಸ್ಪೋರ್ಟಿ ಹ್ಯಾಚ್‌ಬ್ಯಾಕೋ, ಪುಟ್ಟ ಎಸ್‌ಯುವಿಯೋ: ನಿಮಗೆ ಎಷ್ಟು ಎತ್ತರ ಬೇಕು?

ಒಂದೇ ಬಜೆಟ್. ಕಣ್ಣ ಮುಂದೆ ಎರಡು ಗಾಡಿ. ಒಂದು ನೆಲಕ್ಕೆ ಹತ್ತಿರ ಕೂತ, ಪಿಕಪ್ ಚೆನ್ನಾಗಿರುವ ಸ್ಪೋರ್ಟಿ ಹ್ಯಾಚ್‌ಬ್ಯಾಕ್. ಇನ್ನೊಂದು ಎತ್ತರಕ್ಕೆ ನಿಂತ, ಗಟ್ಟಿಮುಟ್ಟಾಗಿ ಕಾಣುವ ಪುಟ್ಟ ಎಸ್‌ಯುವಿ. ಓಡಿಸುವವರ ಮನಸ್ಸು ಒಂದರ ಕಡೆ, ಮನೆಯವರ ಒಲವು ಇನ್ನೊಂದರ ಕಡೆ. ಶೋರೂಮಿಗೆ ಹೋದರೆ ಎರಡನ್ನೂ ಹೊಗಳುತ್ತಾರೆ. ವಿಡಿಯೋ ನೋಡುತ್ತಾ ಕೂತರೆ ಗೊಂದಲ ಇನ್ನೂ ಜಾಸ್ತಿಯಾಗುತ್ತದೆ.

ಈ ಎರಡರ ನಡುವಿನ ಮುಖ್ಯ ವ್ಯತ್ಯಾಸ ಎತ್ತರ. ತಿರುವಿನಲ್ಲಿ ಹಿಡಿತ, ಮೈಲೇಜ್, ಹತ್ತಿ ಇಳಿಯುವ ಸುಲಭ, ಗುಂಡಿಯಲ್ಲಿ ಬಿದ್ದಾಗಿನ ಏಟು, ಇವೆಲ್ಲ ಬಹುಪಾಲು ಅಲ್ಲಿಂದಲೇ ಹುಟ್ಟುತ್ತವೆ. ನಿಮಗೆ ಎಷ್ಟು ಎತ್ತರ ಬೇಕು, ಅದಕ್ಕಾಗಿ ಏನೇನು ಬಿಟ್ಟುಕೊಡಲು ತಯಾರಿದ್ದೀರಿ ಅನ್ನುವುದು ಇತ್ಯರ್ಥವಾದರೆ ಅರ್ಧ ಕೆಲಸ ಮುಗಿದ ಹಾಗೆ.

ಮೊದಲು ಇವನ್ನು ಕೇಳಿಕೊಳ್ಳಿ

ನೀವು ದಿನಾ ಓಡಾಡುವ ದಾರಿಯಲ್ಲಿ ಅತಿ ಕೆಟ್ಟ ಜಾಗ ಯಾವುದು? ಪೂರ್ತಿ ದಾರಿ ಹೇಗಿದೆ ಅನ್ನುವುದಕ್ಕಿಂತ ಈ ಪ್ರಶ್ನೆಯೇ ಮುಖ್ಯ. ನೂರು ಕಿಲೋಮೀಟರ್ ಒಳ್ಳೆಯ ರಸ್ತೆಯಿದ್ದು ಮನೆಯ ಮುಂದಿನ ಇಳಿಜಾರಿನಲ್ಲಿ ಪ್ರತಿದಿನ ಬಂಪರ್ ಉಜ್ಜಿದರೆ ಆ ಕಾರು ನಿಮಗೆ ಒಗ್ಗುವುದಿಲ್ಲ.

ಹಿಂದಿನ ಸೀಟಿನಲ್ಲಿ ಯಾರು ಕೂರುತ್ತಾರೆ? ಮಂಡಿ ನೋವಿರುವ ಹಿರಿಯರಾ, ಚೈಲ್ಡ್ ಸೀಟಿನಲ್ಲಿ ಕೂರುವ ಮಗುವಾ, ಅಥವಾ ವರ್ಷದಲ್ಲಿ ಬಹುಪಾಲು ಖಾಲಿನಾ?

ವಾರದ ಓಡಾಟದಲ್ಲಿ ಹೈವೇ ಎಷ್ಟು, ಟ್ರಾಫಿಕ್ ಎಷ್ಟು? ಕಾರು ತಗೊಳ್ಳುವಾಗ ಕೊಡುವ ಹಣ ಬಿಟ್ಟು, ಪ್ರತಿ ತಿಂಗಳು ಇಂಧನ, ಇನ್ಶೂರೆನ್ಸ್, ಟೈರು, ಸರ್ವಿಸಿಗೆ ಎಷ್ಟು ತೆಗೆದಿಡಬಲ್ಲಿರಿ? ಕೊನೆಯದು, ಓಡಿಸುವುದು ನಿಮಗೆ ಖುಷಿ ಕೊಡುತ್ತದಾ? ಇದನ್ನು ಹೇಳಿಕೊಳ್ಳಲು ಜನ ಸಂಕೋಚ ಪಡುತ್ತಾರೆ. ಪಡಬೇಕಾಗಿಲ್ಲ. ಹತ್ತು ವರ್ಷ ದಿನಾ ಕೂರುವ ಜಾಗದಲ್ಲಿ ಸಿಗುವ ಖುಷಿಗೆ ಬೆಲೆ ಇದ್ದೇ ಇದೆ.

ಹೊರಗೆ ಬೇರೆ, ಒಳಗೆ ಒಂದೇ

ಸ್ಪೋರ್ಟಿ ಹ್ಯಾಚ್‌ಬ್ಯಾಕ್ ಅಂದರೆ ಏನು ಅನ್ನುವುದಕ್ಕೆ ಮಾದರಿ ಹಾಕಿಕೊಟ್ಟದ್ದು ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ. 1975ರ ಫ್ರಾಂಕ್‌ಫರ್ಟ್ ಮೋಟಾರ್ ಶೋನಲ್ಲಿ ತೋರಿಸಿ 1976ರಲ್ಲಿ ಮಾರಾಟಕ್ಕೆ ಬಿಟ್ಟರು. 1.6 ಲೀಟರ್ ಎಂಜಿನ್, 110 ಅಶ್ವಶಕ್ತಿ. ಮನೆಮಂದಿ ಕೂರುವ, ಸಾಮಾನು ಹಿಡಿಸುವ ಸಾದಾ ಕಾರಿಗೇ ಒಳ್ಳೆಯ ಎಂಜಿನ್, ಬಿಗಿಯಾದ ಸಸ್ಪೆನ್ಷನ್ ಹಾಕಿದರೆ ಎಷ್ಟು ಚುರುಕಾಗುತ್ತದೆ ಅನ್ನುವುದನ್ನು ಅದು ತೋರಿಸಿತು. ಪುಟ್ಟ ಎಸ್‌ಯುವಿಗೆ ದಾರಿ ತೋರಿಸಿದವುಗಳಲ್ಲಿ 1994ರಲ್ಲಿ ಬಂದ ಟೊಯೊಟಾ ರಾವ್4 ಮುಖ್ಯವಾದದ್ದು. ಲಾರಿಯ ಹಾಗೆ ಚಾಸಿಯ ಮೇಲೆ ಬಾಡಿ ಕೂರಿಸುವುದನ್ನು ಬಿಟ್ಟು, ಕಾರಿನ ರೀತಿಯ ಬಾಡಿಯನ್ನೇ ಎತ್ತರಿಸಿ ಕಟ್ಟಿದರು.

ಇವತ್ತಿನ ಪುಟ್ಟ ಎಸ್‌ಯುವಿಗಳಲ್ಲಿ ಬಹಳಷ್ಟು ಹೀಗೆಯೇ ಹುಟ್ಟಿದವು. ಅಡಿಯಲ್ಲಿರುವ ಪ್ಲಾಟ್‌ಫಾರ್ಮ್ ಹ್ಯಾಚ್‌ಬ್ಯಾಕಿನದೇ. ಎಂಜಿನ್, ಗೇರ್‌ಬಾಕ್ಸ್ ಕೂಡ ಎಷ್ಟೋ ಸಲ ಅವೇ. ಸುಜುಕಿಯ ಸಾದಾ ಹ್ಯಾಚ್‌ಬ್ಯಾಕ್ ಬಲೆನೊ ಮತ್ತು ಪುಟ್ಟ ಎಸ್‌ಯುವಿ ಫ್ರಾಂಕ್ಸ್ ನೋಡಿ. ಎರಡಕ್ಕೂ ವೀಲ್‌ಬೇಸ್, ಅಂದರೆ ಮುಂದಿನ ಹಿಂದಿನ ಚಕ್ರಗಳ ನಡುವಿನ ಅಂತರ, 2,520 ಮಿಲಿಮೀಟರ್. ಉದ್ದದಲ್ಲಿ ಹೆಚ್ಚುಕಮ್ಮಿ ಸಮ. ಫ್ರಾಂಕ್ಸ್‌ನ ಗ್ರೌಂಡ್ ಕ್ಲಿಯರೆನ್ಸ್, ಅಂದರೆ ನೆಲಕ್ಕೂ ಗಾಡಿಯ ಹೊಟ್ಟೆಗೂ ನಡುವಿನ ಎತ್ತರ, 190 ಮಿಲಿಮೀಟರ್, ಬಲೆನೊದ್ದು 170. ಇಪ್ಪತ್ತು ಮಿಲಿಮೀಟರ್ ಅಂದರೆ ಒಂದು ಬೆರಳಿನ ಅಗಲಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ. ಡಿಕ್ಕಿ? ಬಲೆನೊದಲ್ಲಿ 318 ಲೀಟರ್, ಫ್ರಾಂಕ್ಸ್‌ನಲ್ಲಿ 308. ಎಸ್‌ಯುವಿ ಹಾಗೆ ಕಾಣುವ ಗಾಡಿಯಲ್ಲೇ ಜಾಗ ಕಮ್ಮಿ!

ಎಲ್ಲ ಕಡೆಯೂ ಹೀಗೆಯೇ ಅಂದುಕೊಳ್ಳಬೇಡಿ. ಫೋರ್ಡ್ ಫಿಯೆಸ್ಟಾ ಹ್ಯಾಚ್‌ಬ್ಯಾಕಿನಿಂದ ಹುಟ್ಟಿದ ಪುಟ್ಟ ಎಸ್‌ಯುವಿ ಪ್ಯೂಮಾದ ಲೆಕ್ಕ ಉಲ್ಟಾ. ಫಿಯೆಸ್ಟಾದ ಡಿಕ್ಕಿ ಸುಮಾರು 300 ಲೀಟರ್ ಆದರೆ ಪ್ಯೂಮಾದ್ದು 456 ಲೀಟರ್. ಅದರಲ್ಲಿ ನೆಲದ ಕೆಳಗಿನ 80 ಲೀಟರಿನ ಆಳವಾದ ಡಬ್ಬಿಯೂ ಸೇರಿದೆ. ನೀರು ಹೊರಗೆ ಹೋಗಲು ಅದಕ್ಕೆ ಬಿರಡೆ ಬೇರೆ ಇದೆ, ಕೆಸರು ಮೆತ್ತಿದ ಬೂಟು ಹಾಕಿ ಆಮೇಲೆ ತೊಳೆಯಬಹುದು. ಹಾಗಾಗಿ ಎಸ್‌ಯುವಿ ಅನ್ನುವ ಹೆಸರು ನೋಡಿ ಜಾಗ ಊಹಿಸಬೇಡಿ. ನೀವು ಒಯ್ಯುವ ದೊಡ್ಡ ಸೂಟ್‌ಕೇಸನ್ನೋ ಮಗುವಿನ ತಳ್ಳುಗಾಡಿಯನ್ನೋ ಶೋರೂಮಿಗೇ ತಗೊಂಡು ಹೋಗಿ ಡಿಕ್ಕಿಯಲ್ಲಿ ಇಟ್ಟು ನೋಡಿ. ಯಾರೂ ಏನೂ ಅಂದುಕೊಳ್ಳುವುದಿಲ್ಲ.

ರಸ್ತೆ: ಎಲ್ಲಿ ಉಜ್ಜುತ್ತದೆ, ಎಲ್ಲಿ ಕುಲುಕುತ್ತದೆ

ಸ್ಪೋರ್ಟಿ ಹ್ಯಾಚ್‌ಬ್ಯಾಕಿನ ಗ್ರೌಂಡ್ ಕ್ಲಿಯರೆನ್ಸ್ ಸಾಮಾನ್ಯವಾಗಿ 120ರಿಂದ 150 ಮಿಲಿಮೀಟರ್ ಆಸುಪಾಸು ಇರುತ್ತದೆ. ಪುಟ್ಟ ಎಸ್‌ಯುವಿಗಳದ್ದು ಹೆಚ್ಚಾಗಿ 170ರಿಂದ 210ರ ನಡುವೆ. ಐದು ಜನ ಕೂತು ಡಿಕ್ಕಿ ತುಂಬಿಸಿದರೆ ಸ್ಪ್ರಿಂಗ್ ಕೆಳಗಿಳಿದು ಎರಡರಲ್ಲೂ ಈ ಅಂಕಿ ಕಮ್ಮಿಯಾಗುತ್ತದೆ. ಕೆಲವು ಕಂಪನಿಗಳು ಖಾಲಿ ಗಾಡಿಯ ಅಳತೆ ಕೊಡುತ್ತವೆ, ಕೆಲವು ಭಾರ ತುಂಬಿದ ಗಾಡಿಯದ್ದು. ಹೋಲಿಸುವಾಗ ಇದನ್ನು ಗಮನಿಸಿ, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ.

ಗ್ರೌಂಡ್ ಕ್ಲಿಯರೆನ್ಸ್ ಒಂದೇ ಸಾಲದು. ಮುಂದಿನ ಚಕ್ರದಿಂದ ಮೂತಿ ಎಷ್ಟು ಮುಂದೆ ಚಾಚಿದೆ ಅನ್ನುವುದೂ ನೋಡಬೇಕು. ಸ್ಪೋರ್ಟಿ ಗಾಡಿಗಳ ಬಂಪರ್ ಅಡಿಯಲ್ಲಿ ಒಂದು ತೆಳು ತುಟಿ ಇರುತ್ತದೆ. ಬೇಸ್‌ಮೆಂಟ್ ಪಾರ್ಕಿಂಗಿನ ಇಳಿಜಾರು ಮುಗಿದು ಸಮತಟ್ಟು ನೆಲ ಶುರುವಾಗುವ ಕಡೆ ಮೊದಲು ತಾಗುವುದು ಅದೇ. ಹಂಪ್ ದಾಟುವಾಗ ತಾಗುವುದು ಎರಡು ಚಕ್ರಗಳ ನಡುವಿನ ಹೊಟ್ಟೆ. ಅಲ್ಲಿ ವೀಲ್‌ಬೇಸ್ ಉದ್ದವಿದ್ದಷ್ಟೂ ತಾಗುವ ಸಾಧ್ಯತೆ ಜಾಸ್ತಿ.

ಎತ್ತರದ ಗಾಡಿ ಅಂದರೆ ಮೆತ್ತಗೆ ಹೋಗುತ್ತದೆ ಅನ್ನುವ ನಂಬಿಕೆ ಬಹಳ ಜನರಲ್ಲಿದೆ. ಇದನ್ನು ಸ್ವಲ್ಪ ಬಿಡಿಸಿ ನೋಡಬೇಕು. ಗಾಡಿ ಎತ್ತರವಾದಾಗ ತಿರುವಿನಲ್ಲಿ ಹೆಚ್ಚು ವಾಲುತ್ತದೆ. ವಾಲುವುದನ್ನು ತಡೆಯಲು ಎಂಜಿನಿಯರುಗಳು ಸ್ಪ್ರಿಂಗನ್ನೋ, ಎಡ ಬಲ ಚಕ್ರಗಳನ್ನು ಜೋಡಿಸುವ ಆಂಟಿ ರೋಲ್ ಬಾರ್ ಅನ್ನುವ ಸರಳನ್ನೋ ಬಿಗಿ ಮಾಡುತ್ತಾರೆ. ಹಾಗೆ ಬಿಗಿ ಮಾಡಿದಾಗ ಒಂದು ಕಡೆಯ ಚಕ್ರ ಮಾತ್ರ ಗುಂಡಿಗೆ ಇಳಿದರೂ ಇಡೀ ಬಾಡಿ ಪಕ್ಕಕ್ಕೆ ಓಲಾಡುತ್ತದೆ. ನೀವು ಎತ್ತರದಲ್ಲಿ ಕೂತಿರುವುದರಿಂದ ನಿಮ್ಮ ತಲೆ ಇನ್ನೂ ಜಾಸ್ತಿ ಓಲಾಡುತ್ತದೆ. ಮಕ್ಕಳಿಗೆ ಕಾರಿನಲ್ಲಿ ವಾಂತಿ ಬರುವ ಅಭ್ಯಾಸವಿದ್ದರೆ ಈ ಅಕ್ಕಪಕ್ಕದ ಓಲಾಟವನ್ನು ಖಂಡಿತ ಪರೀಕ್ಷಿಸಿ. ಸ್ಪೋರ್ಟಿ ಹ್ಯಾಚ್‌ಬ್ಯಾಕ್ ಬೇರೆ ರೀತಿ ಕಾಡುತ್ತದೆ. ಅದು ಓಲಾಡುವುದಿಲ್ಲ, ಆದರೆ ಚಿಕ್ಕಚಿಕ್ಕ ಏಟನ್ನೂ ಬೆನ್ನಿಗೆ ತಲುಪಿಸುತ್ತದೆ.

ಇದರಲ್ಲಿ ಟೈರಿನ ಪಾಲು ದೊಡ್ಡದು. ಟೈರಿನ ಪಕ್ಕದಲ್ಲಿ 215/45 ಆರ್17 ಅಂತ ಬರೆದಿದ್ದರೆ ಅಗಲ 215 ಮಿಲಿಮೀಟರ್, ರಿಮ್ಮು 17 ಇಂಚು, ಪಕ್ಕದ ಗೋಡೆಯ ಎತ್ತರ ಅಗಲದ ಶೇಕಡಾ 45. ಅಂದರೆ ಸುಮಾರು 97 ಮಿಲಿಮೀಟರ್. ಅದೇ 215/60 ಆರ್17 ಆದರೆ 129 ಮಿಲಿಮೀಟರ್. ಈ 32 ಮಿಲಿಮೀಟರ್ ರಬ್ಬರು ಮತ್ತು ಗಾಳಿ ಗುಂಡಿಯ ಏಟನ್ನು ನುಂಗುತ್ತದೆ. ಅದು ಇಲ್ಲದಿದ್ದಾಗ ಗುಂಡಿಯ ಅಂಚು ಟೈರನ್ನು ರಿಮ್ಮಿಗೆ ಒತ್ತಿ ಹಿಸುಕುತ್ತದೆ. ಆಗ ಒಳಗಿನ ದಾರ ತುಂಡಾಗಿ ಪಕ್ಕದಲ್ಲಿ ಬುಗುಟೆ ಎದ್ದರೆ ಆ ಟೈರು ಬದಲಿಸಲೇಬೇಕು, ಪಂಕ್ಚರ್ ಹಾಕಿ ಸರಿ ಮಾಡುವ ಹಾಗಿಲ್ಲ. ಆದ್ದರಿಂದ ರಸ್ತೆ ಕೆಟ್ಟದಿದ್ದೂ ಹ್ಯಾಚ್‌ಬ್ಯಾಕೇ ಬೇಕು ಅನ್ನುವವರು ಒಂದು ಇಂಚು ಚಿಕ್ಕ ಅಲಾಯ್ ಇರುವ ವೇರಿಯಂಟ್ ತಗೊಳ್ಳಿ. ನೋಟ ಸ್ವಲ್ಪ ಕಮ್ಮಿಯಾದರೂ ಬೆನ್ನಿಗೂ ಜೇಬಿಗೂ ಒಳ್ಳೆಯದು. ಎಸ್‌ಯುವಿ ತಗೊಳ್ಳುವವರಿಗೂ ಇದೇ ಮಾತು. ಟಾಪ್ ಮಾಡೆಲ್‌ಗೆ ದೊಡ್ಡ ರಿಮ್ಮು, ತೆಳು ಟೈರು ಹಾಕಿ ಕೊಡುತ್ತಾರೆ. ಅಲ್ಲಿಗೆ ಎತ್ತರದಿಂದ ಬಂದ ಲಾಭದಲ್ಲಿ ಒಂದು ಪಾಲು ಹೋಯಿತು.

ಹತ್ತುವುದು, ಇಳಿಯುವುದು, ಕೂರುವುದು

ಇಲ್ಲಿ ಪುಟ್ಟ ಎಸ್‌ಯುವಿ ನಿಜವಾಗಿ ಗೆಲ್ಲುತ್ತದೆ. ಸೀಟು ಸೊಂಟದ ಮಟ್ಟಕ್ಕೆ ಇದ್ದರೆ ಮಂಡಿ ಹೆಚ್ಚು ಮಡಿಸದೆ ಪಕ್ಕಕ್ಕೆ ಜರುಗಿ ಕೂರಬಹುದು. ತಗ್ಗಿನ ಹ್ಯಾಚ್‌ಬ್ಯಾಕಿನಿಂದ ವಯಸ್ಸಾದವರು ಇಳಿಯುವುದನ್ನು ಗಮನಿಸಿ. ಮೊದಲು ಒಂದು ಕಾಲು ಹೊರಗಿಡುತ್ತಾರೆ. ಒಂದು ಕೈ ಬಾಗಿಲಿನ ಮೇಲೆ, ಇನ್ನೊಂದು ಮುಂದಿನ ಸೀಟಿನ ಬೆನ್ನಿನ ಮೇಲೆ. ಅಲ್ಲಿಂದ ಇಡೀ ಮೈಭಾರವನ್ನು ಮಂಡಿಯ ಮೇಲೆ ಹಾಕಿ ಏಳಬೇಕು. ಮಂಡಿ ಚಿಪ್ಪಿನ ತೊಂದರೆ ಇರುವವರಿಗೆ ಇದು ದಿನಕ್ಕೆ ನಾಲ್ಕು ಸಲದ ಹಿಂಸೆ. ಅಂಥವರು ಮನೆಯಲ್ಲಿದ್ದರೆ ನನ್ನ ಪ್ರಕಾರ ಚರ್ಚೆ ಇಲ್ಲಿಗೇ ಮುಗಿಯಬೇಕು. ಎತ್ತರದ ಗಾಡಿ ತಗೊಳ್ಳಿ. ಆದರೂ ಒಂದು ಎಚ್ಚರ. ತೀರಾ ಎತ್ತರವಾದರೆ, ಅಗಲವಾದ ಹೊಸ್ತಿಲು ಇದ್ದರೆ, ಗಿಡ್ಡ ಇರುವವರಿಗೆ ಹತ್ತುವುದೇ ಕಷ್ಟ. ಕೂರುವವರನ್ನೇ ಕರೆದುಕೊಂಡು ಹೋಗಿ ಕೂರಿಸಿ ನೋಡಿ.

ಮಗುವಿನ ವಿಷಯದಲ್ಲೂ ಹಾಗೆಯೇ. ಚೈಲ್ಡ್ ಸೀಟಿನಲ್ಲಿ ಮಗುವನ್ನು ಕೂರಿಸಿ ಬೆಲ್ಟ್ ಹಾಕುವಾಗ ಬಾಗಿಲ ಚೌಕಟ್ಟಿನ ಕೆಳಗೆ ತಲೆ ತೂರಿಸಿ ಬಗ್ಗಬೇಕು. ಚಾವಣಿ ಎತ್ತರವಿದ್ದರೆ ಸೊಂಟಕ್ಕೆ ಆರಾಮ. ಎರಡು ಬಾಗಿಲಿನ ಸ್ಪೋರ್ಟಿ ಹ್ಯಾಚ್‌ಬ್ಯಾಕ್ ಇಷ್ಟವಾಗಿದ್ದರೆ, ಪುಟ್ಟ ಮಗು ಇರುವ ಮನೆಗೆ ಅದು ಬೇಡ.

ಎತ್ತರದಲ್ಲಿ ಕೂತರೆ ದೂರದ ರಸ್ತೆ ಚೆನ್ನಾಗಿ ಕಾಣುತ್ತದೆ, ಧೈರ್ಯ ಬರುತ್ತದೆ. ಇದು ನಿಜ. ಹತ್ತಿರದ ನೆಲ ಮಾತ್ರ ಕೆಲವು ಗಾಡಿಗಳಲ್ಲಿ ಸರಿಯಾಗಿ ಕಾಣುವುದಿಲ್ಲ. ಬಾನೆಟ್ ಎತ್ತರವಿದ್ದಷ್ಟೂ ಮುಂದೆ ನಿಂತ ಚಿಕ್ಕ ಮಗು ಮರೆಯಾಗುತ್ತದೆ. ಎಸ್‌ಯುವಿ ತಗೊಳ್ಳುವುದಾದರೆ ಮುಂದಿನ ಸೆನ್ಸರ್ ಅಥವಾ ಸುತ್ತಲೂ ತೋರಿಸುವ ಕ್ಯಾಮೆರಾ ಇರುವ ವೇರಿಯಂಟಿಗೆ ಹಣ ಹಾಕಿ. ಸನ್‌ರೂಫಿಗಿಂತ ಅದು ಮುಖ್ಯ.

ಓಡಿಸುವ ಖುಷಿ ಮತ್ತು ಸುರಕ್ಷತೆ

ಇಲ್ಲಿ ಹ್ಯಾಚ್‌ಬ್ಯಾಕಿನ ಸರದಿ. ಗಾಡಿಯ ಭಾರದ ಕೇಂದ್ರ ಕೆಳಗಿದ್ದರೆ ತಿರುವಿನಲ್ಲಿ ಹೊರಗಿನ ಟೈರುಗಳ ಮೇಲೆ ಬೀಳುವ ಹೆಚ್ಚುವರಿ ಭಾರ ಕಮ್ಮಿ. ನಾಲ್ಕೂ ಟೈರು ಪಾಲು ಹಂಚಿಕೊಂಡು ಹಿಡಿಯುತ್ತವೆ. ಸ್ಟೇರಿಂಗ್ ತಿರುಗಿಸಿದ ಕೂಡಲೇ ಮೂತಿ ತಿರುಗುತ್ತದೆ. ತೂಕವೂ ಕಮ್ಮಿ. 2017ರ ಸುಜುಕಿ ಸ್ವಿಫ್ಟ್ ಸ್ಪೋರ್ಟ್ ಒಂದು ಟನ್ನಿಗಿಂತ ಕಮ್ಮಿ ತೂಗುತ್ತಿತ್ತು, 1.4 ಲೀಟರ್ ಟರ್ಬೊ ಎಂಜಿನ್ ಸುಮಾರು 140 ಅಶ್ವಶಕ್ತಿ ಕೊಡುತ್ತಿತ್ತು. ಅಂಥ ಗಾಡಿಯಲ್ಲಿ ಘಾಟ್ ರಸ್ತೆ ಹತ್ತಿದರೆ ಎಂಜಿನ್ ಶಕ್ತಿಗಿಂತ ಹಗುರ ಮೈಯೇ ಹೆಚ್ಚು ಖುಷಿ ಕೊಡುತ್ತದೆ.

ಬರೀ ಪಿಕಪ್ ಅಂದರೆ ವ್ಯತ್ಯಾಸ ಅಷ್ಟೇನಿಲ್ಲ. ಆ ಫೋರ್ಡ್ ಗಾಡಿಗಳ ಸ್ಪೋರ್ಟಿ ರೂಪಗಳಾದ ಫಿಯೆಸ್ಟಾ ಎಸ್‌ಟಿ ಮತ್ತು ಪ್ಯೂಮಾ ಎಸ್‌ಟಿ ಎರಡಕ್ಕೂ ಒಂದೇ 1.5 ಲೀಟರಿನ ಮೂರು ಸಿಲಿಂಡರ್ ಟರ್ಬೊ ಎಂಜಿನ್, 200 ಅಶ್ವಶಕ್ತಿ ಇತ್ತು. ನಿಂತಲ್ಲಿಂದ 100 ಕಿಲೋಮೀಟರ್ ವೇಗಕ್ಕೆ ಮೊದಲನೆಯದು 6.5 ಸೆಕೆಂಡು ತಗೊಂಡರೆ ಎರಡನೆಯದು 6.7. ಈ ವ್ಯತ್ಯಾಸ ಯಾರಿಗೂ ಗೊತ್ತಾಗುವುದಿಲ್ಲ. ಗೊತ್ತಾಗುವುದು ಎಸ್ ಆಕಾರದ ತಿರುವಿನಲ್ಲಿ, ಎಡಕ್ಕೆ ವಾಲಿದ ಗಾಡಿ ಬಲಕ್ಕೆ ವಾಲುವ ಆ ಅರೆಕ್ಷಣದಲ್ಲಿ.

ಎತ್ತರದ ಗಾಡಿ ಮಗುಚುತ್ತದಾ ಅನ್ನುವ ಭಯಕ್ಕೆ ಒಂದು ಸರಳ ಲೆಕ್ಕ ಇದೆ. ಎಡ ಬಲ ಚಕ್ರಗಳ ನಡುವಿನ ಅಂತರವನ್ನು ಭಾರಕೇಂದ್ರದ ಎತ್ತರದ ಎರಡರಷ್ಟರಿಂದ ಭಾಗಿಸಬೇಕು. ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ ಗಾಡಿಗಳಿಗೆ ಸ್ಟಾರ್ ಕೊಡುವಾಗ ಇದನ್ನು ಬಳಸುತ್ತದೆ. ಸಾಮಾನ್ಯ ಕಾರುಗಳು 1.30ರಿಂದ 1.50ರ ನಡುವೆ, ಎಸ್‌ಯುವಿಗಳಂಥ ಎತ್ತರದ ಗಾಡಿಗಳು 1.00ರಿಂದ 1.30ರ ನಡುವೆ ಬರುತ್ತವೆ. ಅಂಕಿ ಹೆಚ್ಚಿದ್ದಷ್ಟೂ ಗಾಡಿ ಭದ್ರ. ಹಾಗಂತ ಪುಟ್ಟ ಎಸ್‌ಯುವಿ ಸುಮ್ನೆ ಮಗುಚುತ್ತದೆ ಅಂತಲ್ಲ. ಎಲೆಕ್ಟ್ರಾನಿಕ್ ಸ್ಟೆಬಿಲಿಟಿ ಕಂಟ್ರೋಲ್, ಅಂದರೆ ಇಎಸ್‌ಸಿ, ಗಾಡಿ ಜಾರುತ್ತಿದೆ ಅನ್ನಿಸಿದ ತಕ್ಷಣ ಒಂದೊಂದೇ ಚಕ್ರಕ್ಕೆ ಬ್ರೇಕ್ ಹಾಕಿ ಸರಿದಾರಿಗೆ ತರುತ್ತದೆ. ಅಮೆರಿಕದಲ್ಲಿ 2012ರ ಮಾಡೆಲ್‌ನಿಂದ, ಯುರೋಪಿನಲ್ಲಿ 2014ರಿಂದ ಹೊಸ ಕಾರುಗಳಿಗೆಲ್ಲ ಇದು ಕಡ್ಡಾಯ. ನೀವು ನೋಡುತ್ತಿರುವ ವೇರಿಯಂಟಿನಲ್ಲಿ ಇದೆಯಾ ಅಂತ ಕೇಳಿ. ಇಲ್ಲ ಅಂದರೆ ಎತ್ತರದ ಗಾಡಿಯನ್ನು ಅಲ್ಲೇ ಬಿಟ್ಟು ಬನ್ನಿ.

ಎಸ್‌ಯುವಿ ಅಂದರೆ ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುತ್ತದೆ ಅಂದುಕೊಂಡವರಿದ್ದಾರೆ. ಪುಟ್ಟ ಎಸ್‌ಯುವಿಗಳಲ್ಲಿ ಹೆಚ್ಚಿನವು ಹ್ಯಾಚ್‌ಬ್ಯಾಕಿನ ಹಾಗೆ ಮುಂದಿನ ಚಕ್ರಗಳಿಂದಲೇ ಓಡುತ್ತವೆ. ಕೆಸರಿನಲ್ಲಿ ಸಿಕ್ಕಿಬಿದ್ದರೆ ಎತ್ತರ ಮಾತ್ರ ನೆರವಿಗೆ ಬರುತ್ತದೆ. ಆಲ್ ವೀಲ್ ಡ್ರೈವ್ ಇದ್ದರೂ ಅದು ಹೊರಡುವಾಗ ಸಹಾಯ ಮಾಡುತ್ತದೆಯೇ ಹೊರತು ಬ್ರೇಕ್ ಹಾಕಿದಾಗ ಬೇಗ ನಿಲ್ಲಿಸುವುದಿಲ್ಲ. ಆ ಕೆಲಸ ಟೈರಿನದು. ಮಳೆಗೋ ಹಿಮಕ್ಕೋ ಹೆದರಿ ಆಲ್ ವೀಲ್ ಡ್ರೈವಿಗೆ ದುಡ್ಡು ಹಾಕುವ ಮೊದಲು ಒಳ್ಳೆಯ ಟೈರಿಗೆ ಹಾಕಿ.

ಖರ್ಚು

ಗಾಳಿಯ ತಡೆ ವೇಗದ ವರ್ಗಕ್ಕೆ (ವೇಗವನ್ನು ವೇಗದಿಂದಲೇ ಗುಣಿಸಿದಷ್ಟು) ತಕ್ಕಂತೆ ಏರುತ್ತದೆ. ಗಂಟೆಗೆ 80 ಕಿಲೋಮೀಟರಿನಿಂದ 120ಕ್ಕೆ ಹೋದರೆ ತಡೆ ಎರಡೂಕಾಲು ಪಟ್ಟು. ಎತ್ತರದ ಗಾಡಿಯ ಎದುರಿನ ಮೈ ದೊಡ್ಡದು, ತೂಕವೂ ಜಾಸ್ತಿ. ಹಾಗಾಗಿ ಒಂದೇ ಎಂಜಿನ್ ಇದ್ದಾಗ ಹೈವೇಯಲ್ಲಿ ಎಸ್‌ಯುವಿ ಹೆಚ್ಚು ಕುಡಿಯುತ್ತದೆ. ಆದರೆ ನೀವು ಹೋಲಿಸುತ್ತಿರುವುದು 200 ಅಶ್ವಶಕ್ತಿಯ ಹ್ಯಾಚ್‌ಬ್ಯಾಕನ್ನು 110 ಅಶ್ವಶಕ್ತಿಯ ಎಸ್‌ಯುವಿಗೆ ಅಂತಾದರೆ ಲೆಕ್ಕ ಬದಲಾಗುತ್ತದೆ. ಶಕ್ತಿಯ ಎಂಜಿನ್ ಇದ್ದಾಗ ಕಾಲು ತಾನಾಗಿ ಒತ್ತುತ್ತದೆ, ಅಲ್ವಾ? ಕೆಲವು ಟರ್ಬೊ ಎಂಜಿನ್‌ಗಳಿಗೆ ಹೆಚ್ಚು ಆಕ್ಟೇನಿನ ದುಬಾರಿ ಪೆಟ್ರೋಲೇ ಬೇಕು. ಟ್ಯಾಂಕಿನ ಮುಚ್ಚಳದ ಒಳಬದಿಯಲ್ಲಿ ಬರೆದಿರುತ್ತದೆ, ಓದಿ.

ಇನ್ಶೂರೆನ್ಸ್ ಬಗ್ಗೆ ಒಂದು ಕಿವಿಮಾತು. ಬುಕ್ ಮಾಡುವ ಮೊದಲೇ ಎರಡೂ ಗಾಡಿಗೆ ದರ ಕೇಳಿ ಬರೆದಿಟ್ಟುಕೊಳ್ಳಿ. ಶಕ್ತಿಯ ಗಾಡಿ, ಚಿಕ್ಕ ವಯಸ್ಸಿನ ಚಾಲಕ ಅಂದರೆ ಅನೇಕ ಕಡೆ ಪ್ರೀಮಿಯಂ ಏರುತ್ತದೆ. ಟೈರಿನ ಬೆಲೆಯನ್ನೂ ಅದೇ ಹಾಳೆಯಲ್ಲಿ ಬರೆಯಿರಿ. ಅಗಲದ, ತೆಳುಗೋಡೆಯ, ಹಿಡಿತ ಹೆಚ್ಚಿರುವ ಟೈರು ದುಬಾರಿ, ಬೇಗ ಸವೆಯುತ್ತದೆ. ಬ್ರೇಕ್ ಪ್ಯಾಡೂ ಹಾಗೆಯೇ.

ಸೆಕೆಂಡ್ ಹ್ಯಾಂಡ್ ನೋಡುವವರು ಸ್ಪೋರ್ಟಿ ಹ್ಯಾಚ್‌ಬ್ಯಾಕಿನಲ್ಲಿ ಹೆಚ್ಚು ಹುಷಾರಾಗಿರಬೇಕು. ಜೋರಾಗಿ ಓಡಿಸುವವರ ಕೈಯಲ್ಲೇ ಇದ್ದ ಗಾಡಿ ಅದು. ಕ್ಲಚ್ ಜಾರುತ್ತಿದೆಯಾ, ನಾಲ್ಕು ಟೈರೂ ಒಂದೇ ಕಂಪನಿಯವಾ, ರಿಮ್ಮಿನ ಒಳ ಅಂಚು ಸೊಟ್ಟಗಾಗಿದೆಯಾ, ಎಂಜಿನ್ ಟ್ಯೂನ್ ಮಾಡಿಸಿದ್ದಾರಾ ಅಂತ ನೋಡಿ. ಪುಟ್ಟ ಎಸ್‌ಯುವಿಯಾದರೆ ಕೆಳಗೆ ಬಗ್ಗಿ ಹೊಟ್ಟೆ ಭಾಗ ನೋಡಿ. ಎತ್ತರ ಇದೆ ಅನ್ನುವ ಧೈರ್ಯದಲ್ಲಿ ಕಲ್ಲಿನ ಮೇಲೆ ಹತ್ತಿಸಿದ ಗುರುತು ಅಲ್ಲಿ ಸಿಗುತ್ತದೆ.

ಯಾರಿಗೆ ಯಾವುದು

ಒಬ್ಬರೋ ಇಬ್ಬರೋ ಓಡಾಡುತ್ತೀರಿ, ರಸ್ತೆ ಸುಮಾರಾಗಿ ಚೆನ್ನಾಗಿದೆ, ವಾರಕ್ಕೊಮ್ಮೆಯಾದರೂ ತಿರುವಿನ ದಾರಿ ಸಿಗುತ್ತದೆ ಅಂದರೆ ಹ್ಯಾಚ್‌ಬ್ಯಾಕ್ ತಗೊಳ್ಳಿ, ಎರಡನೇ ಯೋಚನೆ ಬೇಡ. ದಿನವಿಡೀ ಟ್ರಾಫಿಕ್‌ನಲ್ಲೇ ಇರುವವರಾದರೆ ಬಿಗಿ ಕ್ಲಚ್ ಮತ್ತು ಬಿಗಿ ಸಸ್ಪೆನ್ಷನ್ ಎರಡೂ ಸುಸ್ತು ಮಾಡುತ್ತವೆ. ಆಟೋಮ್ಯಾಟಿಕ್ ಇರುವ ಯಾವುದೇ ಗಾಡಿ ನೋಡಿ, ಆಮೇಲೆ ಆಕಾರ.

ಮನೆಯಲ್ಲಿ ಹಿರಿಯರು, ಚೈಲ್ಡ್ ಸೀಟಿನ ಮಗು, ಅಥವಾ ದಾರಿಯಲ್ಲಿ ದಿನಾ ಕಾಡುವ ಮಣ್ಣು ರಸ್ತೆಯ ತುಂಡು ಇದ್ದರೆ ಪುಟ್ಟ ಎಸ್‌ಯುವಿ. ಓಡಿಸುವ ಖುಷಿಯೂ ಬೇಕು ಅನ್ನುವವರು ಅದರಲ್ಲೇ ಟರ್ಬೊ ಎಂಜಿನ್, ಸ್ಟೇರಿಂಗ್ ಚುರುಕಾಗಿರುವುದನ್ನು ಹುಡುಕಿ. ಬಜೆಟ್ ಬಿಗಿ ಇರುವವರಿಗೆ ಮೂರನೇ ದಾರಿಯೂ ಇದೆ. ಸಾದಾ ಹ್ಯಾಚ್‌ಬ್ಯಾಕಿನಲ್ಲಿ ಸ್ವಲ್ಪ ಶಕ್ತಿಯ ಎಂಜಿನ್ ಇರುವ ಮಾಡೆಲ್. 165, 170 ಮಿಲಿಮೀಟರ್ ಎತ್ತರ, ಹಗುರ ಮೈ, ದಪ್ಪಗೋಡೆಯ ಅಗ್ಗದ ಟೈರು. ಎರಡೂ ಗಾಡಿಗಳ ಒಳ್ಳೆಯ ಗುಣದಲ್ಲಿ ಬಹಳಷ್ಟು ಅದರಲ್ಲಿ ಸಿಗುತ್ತದೆ, ಕಂತು ಕಮ್ಮಿ. ಜಾಹೀರಾತಿನಲ್ಲಿ ಅದಕ್ಕೆ ಜಾಗ ಇಲ್ಲ ಅಷ್ಟೇ.

ಇಷ್ಟಾದರೂ ಮನಸ್ಸು ಎರಡು ದೋಣಿಯಲ್ಲಿದ್ದರೆ ಎರಡನ್ನೂ ಒಂದೇ ದಿನ, ಒಂದೇ ದಾರಿಯಲ್ಲಿ ಟೆಸ್ಟ್ ಡ್ರೈವ್ ಮಾಡಿ. ಬೇರೆಬೇರೆ ದಿನ ಓಡಿಸಿದರೆ ಮೊದಲನೆಯದರ ಅನುಭವ ಮರೆತಿರುತ್ತದೆ. ಶೋರೂಮಿನವರು ತೋರಿಸುವ ನುಣುಪು ರಸ್ತೆ ಬಿಟ್ಟು ನಿಮ್ಮ ಆ ಕೆಟ್ಟ ಜಾಗಕ್ಕೇ ಹೋಗಿ. ಹಿಂದಿನ ಸೀಟಿನಲ್ಲಿ ಕೂರುವವರನ್ನು ಜೊತೆಗೆ ಕರೆದೊಯ್ಯಿರಿ. ಹಂಪನ್ನು ನೇರವಾಗಿ ಒಮ್ಮೆ, ಒಂದೇ ಚಕ್ರ ಹತ್ತುವ ಹಾಗೆ ಓರೆಯಾಗಿ ಇನ್ನೊಮ್ಮೆ ದಾಟಿ. ಸ್ಟೀರಿಯೊ ಆಫ್ ಮಾಡಿ ಟೈರಿನ ಸದ್ದು ಕೇಳಿ. ಆಮೇಲೆ ನೀವು ಹಿಂದೆ ಕೂತು ಬೇರೆಯವರಿಗೆ ಓಡಿಸಲು ಹೇಳಿ, ಅದೇ ಹಂಪನ್ನು ಹಿಂದಿನ ಸೀಟಿನಿಂದಲೂ ಒಮ್ಮೆ ದಾಟಿ ನೋಡಿ.